ಒಂದೂಕಾಲು ಇಂಚು

ನನ್ನ ಸೈಕಲ್ ಒಂದೂಕಾಲು ಇಂಚು ಕುಗ್ಗಿದ್ದನ್ನು ಅಪ್ಪನ ತಮ್ಮ, ನಮ್ಮ ಕಾಕಾ, ಇವತ್ತಿಗೂ ಒಪ್ಪಿಕೊಂಡಿಲ್ಲ. ೧೯೮೭ರ ನವೆಂಬರಿನಿಂದ ಲೆಕ್ಕ ಹಾಕಿದರೆ ಹನ್ನೊಂದು ವರ್ಷವಾಯಿತು. ಒಪ್ಪುವುದು ಹೋಗಲಿ, ಮನೆಗೆ ಬಂದವರ ಮುಂದೆಲ್ಲ ಅದನ್ನೊಂದು ನಗೆಯ ಮಾತು ಮಾಡಿ ಹೇಳುತ್ತ ಬಂದಿದ್ದಾರೆ. ಕಳೆದ ತಿಂಗಳು ಕಾಗವಾಡದ ನನ್ನ ಬಾಡಿಗೆ ಮನೆಗೆ ಬಂದಿದ್ದರು. ನಾನು ಕಲಿಸುವ ಶಾಲೆಯ ಇಬ್ಬರು ಮಾಸ್ತರರು ಚಹಾ ಕುಡಿಯುತ್ತ ಕೂತಿದ್ದರು. ಗೋಡೆಗೆ ಆನಿಸಿಟ್ಟ ಸೈಕಲ್ ನೋಡಿದ್ದೇ ತಡ, ಕಾಕಾ ಶುರು ಮಾಡಿದರು: “ಇಂವಾ ಇಂಚಿನ ಮನಷ್ಯಾರೀ. ಮಾತಾಡೂಮುಂದ ಹುಷಾರ ಇರ್ರಿ, ನಿಮ್ಮ ಮಾತೂ ಅಳತೆ ಮಾಡ್ಯಾನು.” ಮಾಸ್ತರರು ನಕ್ಕರು. ನನಗೆ ನಗು ಬರಲಿಲ್ಲ. ಡೈರಿಗಳು ನನ್ನ ಹತ್ತಿರ ಇವೆ, ಅಳತೆಗಳೂ ಇವೆ. ನಡೆದದ್ದನ್ನು ನಡೆದ ಹಾಗೆ ಬರೆದಿಡುತ್ತೇನೆ.

ಆ ಸೈಕಲ್ ನನಗೆ ಬಂದದ್ದು ೧೯೮೬ರ ಜೂನಿನಲ್ಲಿ, ಸಾಂಗ್ಲಿಯಲ್ಲಿರುವ ಅವ್ವನ ತಮ್ಮನಿಂದ. ಮಾಮಾ ಕಾಲೇಜಿನಲ್ಲಿದ್ದಾಗ ಅದರ ಮೇಲೆ ರೇಸಿಗೆ ಹೋಗುತ್ತಿದ್ದರು. ಕೆಳಕ್ಕೆ ಸುರುಳಿ ತಿರುಗಿದ ಹ್ಯಾಂಡಲ್, ಹೆಬ್ಬೆರಳಿಗಿಂತ ತುಸು ಅಗಲದ ಟೈರು, ಮಡ್‌ಗಾರ್ಡ್ ಇಲ್ಲ, ಕ್ಯಾರಿಯರ್ ಇಲ್ಲ, ಸ್ಟ್ಯಾಂಡೂ ಇಲ್ಲ. ನಮ್ಮೂರು ಕಬ್ಬೂರಿನಲ್ಲಿ ಅದಕ್ಕೆ ‘ಟಗರು’ ಅಂತ ಹೆಸರು ಬಿತ್ತು. ಸಂತೆಯ ಹಾದಿಯಲ್ಲಿ ಹೋದರೆ ಸಾಕು, “ಏ, ಟಗರ ಬಂತಲೇ, ಸರೀರಿ, ಹಾಯತೈತಿ” ಅಂತ ಕೂಗುತ್ತಿದ್ದರು.

ಕೊಡುವ ದಿನ ಮಾಮಾ ನನ್ನನ್ನು ಕೂರಿಸಿಕೊಂಡು ಅಳತೆ ಹೇಳಿಕೊಟ್ಟರು. ಮುಂದಿನ ಗಾಲಿಯ ಅಚ್ಚಿನಿಂದ ಹಿಂದಿನ ಗಾಲಿಯ ಅಚ್ಚಿಗೆ ಮೂವತ್ತೊಂಬತ್ತೂವರೆ ಇಂಚು. ನಮ್ಮ ಮನೆಯ ಹಾಲಿನ ಸೈಕಲ್ಲಿನದು ನಲವತ್ತೈದರ ಹತ್ತಿರ. ಹಾಲಿನ ಸೈಕಲ್ಲಿನಲ್ಲಿ ಗಾಲಿ ಹಿಡಿಯುವ ಫೋರ್ಕ್ ಓರೆಯಾಗಿ ಮುಂದಕ್ಕೆ ಚಾಚಿರುತ್ತದೆ, ಅದಕ್ಕೇ ಅದು ಎತ್ತಿನ ಗಾಡಿಯ ಹಾಗೆ ತಾನಾಗಿ ನೆಟ್ಟಗೆ ಹೋಗುತ್ತದೆ. ರೇಸಿನ ಸೈಕಲ್ಲಿನ ಫೋರ್ಕ್ ಹೆಚ್ಚು ನೆಟ್ಟಗೆ ನಿಂತಿರುತ್ತದೆ, ಗಾಲಿಗಳು ಹತ್ತಿರ ಇರುತ್ತವೆ. ಮನಸ್ಸಿಗೆ ಬಂದ ಕಡೆ ತಿರುಗುತ್ತದೆ. ಆದರೆ ಆ ಓರೆ ಸ್ವಲ್ಪ ತಪ್ಪಿದರೂ ಅದರ ಸ್ವಭಾವ ಕೆಡುತ್ತದೆ. ಆಮೇಲೆ ಗಾಲಿಯ ಮೂವತ್ತಾರು ಕಡ್ಡಿಗಳನ್ನು ಒಂದೊಂದಾಗಿ ಬೆರಳಿನಿಂದ ಮೀಟಿ ಕೇಳಿಸಿದರು.

“ಎಲ್ಲಾ ಒಂದ ಆವಾಜ ಕೊಡಬೇಕು, ನೋಡ. ಒಂದು ಸಡಲಾತಂದ್ರ ಗಾಲಿ ಮೆತ್ತಗಾತು. ಎದ್ದ ನಿಂತ ತುಳದ್ರ ಒಲದಾಡತೈತಿ.”

ಮನೆಗೆ ಬಂದ ದಿನವೇ ಎಲ್ಲ ಅಳತೆಗಳನ್ನು ಡೈರಿಯಲ್ಲಿ ಬರೆದೆ. ಯಾರ ಮೇಲೂ ಸಂಶಯ ಇರಲಿಲ್ಲ. ಬರೆಯುವುದು ನನ್ನ ರೂಢಿ.

ಅಂಥ ಸೈಕಲ್ ನನಗೆ ಶೋಕಿಗೆ ಬೇಕಾಗಿರಲಿಲ್ಲ. ನಾವು ಜೈನರು. ಚಾತುರ್ಮಾಸದಲ್ಲಿ ಮನೆಯವರೆಲ್ಲ ಹೊತ್ತು ಮುಳುಗುವ ಮೊದಲೇ ಊಟ ಮುಗಿಸುತ್ತಿದ್ದರು. ಅದು ಕಳೆದ ಮೇಲೆ ಅಪ್ಪ, ಕಾಕಾ ಹೊಲದಿಂದ ಬಂದು ರಾತ್ರಿ ಉಣ್ಣುತ್ತಿದ್ದರು, ಅವರ ಹಿಂದೆ ಕಾಕಾನ ಹೆಂಡತಿ ಕಾಕೂ. ಅವ್ವನದು ಮಾತ್ರ ವರ್ಷವಿಡೀ ನೇಮ. ಸೂರ್ಯ ಇಳಿದ ಮೇಲೆ ಅವಳು ನೀರನ್ನೂ ಮುಟ್ಟುತ್ತಿರಲಿಲ್ಲ. ಹಾಗಂತ ಒಬ್ಬಳೇ ಉಣ್ಣುವುದೂ ಅವಳಿಗೆ ಆಗುತ್ತಿರಲಿಲ್ಲ. “ಒಬ್ಬಾಕಿನ ಕುಂತರ ರೊಟ್ಟಿ ಗಂಟಲದಾಗ ಇಳಿಯಂಗಿಲ್ಲೋ” ಅನ್ನುತ್ತಿದ್ದಳು. ಶಾಲೆಯ ದಿನಗಳಿಂದ ಸಂಜೆ ಅವಳ ಎದುರು ತಾಟು ಹಾಕಿಕೊಂಡು ಕೂರುತ್ತಿದ್ದವನು ನಾನೇ.

ನಾನು ಚಿಕ್ಕೋಡಿಯ ಕಾಲೇಜಿಗೆ ಸೇರಿದ ಮೇಲೆ ಇದು ಗಡಿಯಾರದ ಮಾತಾಯಿತು. ಸೋಮವಾರ, ಬುಧವಾರ, ಶುಕ್ರವಾರ ಪ್ರಾಕ್ಟಿಕಲ್. ಬಿಡುವುದು ನಾಲ್ಕು ಐವತ್ತಕ್ಕೆ, ಸೈಕಲ್ ಹತ್ತುವುದು ಐದಕ್ಕೆ ಐದು ನಿಮಿಷ ಇರುವಾಗ. ಕಾಲೇಜಿನ ಗೇಟಿನಿಂದ ನಮ್ಮ ತೋಟದ ಮನೆಗೆ ಹದಿನೆಂಟು ಕಿಲೋಮೀಟರ್. ಬಸ್ಸು ಹಿಡಿದರೆ ಕತ್ತಲಾಗುತ್ತಿತ್ತು. ಟಗರಿನ ಮೇಲೆ ನಲವತ್ನಾಲ್ಕು ನಿಮಿಷ. ಅವ್ವನಿಗೆ ಪಂಚಾಂಗದ ಸೂರ್ಯಾಸ್ತ ಬೇಕಾಗಿರಲಿಲ್ಲ. ಪಡುವಣ ಹೊಲದ ಕಬ್ಬಿನ ಸುಳಿಗೆ ಸೂರ್ಯ ತಾಗಿದರೆ ಅವಳ ಪಾಲಿಗೆ ಹೊತ್ತು ಮುಳುಗಿದ ಹಾಗೆ. ಕಬ್ಬು ಆಳೆತ್ತರ ಮೀರಿ ಬೆಳೆದ ವರ್ಷ ಅದೊಂದರಿಂದಲೇ ಐದಾರು ನಿಮಿಷ ಹೋಗುತ್ತಿತ್ತು. ಆದರೂ ಮೊದಲ ವರ್ಷ ಪೂರ್ತಿ, ಎರಡನೇ ವರ್ಷ ನವೆಂಬರ್ ಇಪ್ಪತ್ತರವರೆಗೆ, ಒಂದು ದಿನವೂ ನನ್ನಿಂದ ಅವಳ ಊಟ ತಪ್ಪಿಲ್ಲ. ಡೈರಿ ತೆರೆದು ಬೇಕಾದವರು ನೋಡಬಹುದು.

ನವೆಂಬರ್ ಇಪ್ಪತ್ತೆರಡು, ಭಾನುವಾರ. ಹಾಲಿನ ಸೈಕಲ್ ಪಂಕ್ಚರ್ ಆಗಿತ್ತು. ಕಾಕಾ ನನ್ನನ್ನು ಒಂದು ಮಾತೂ ಕೇಳದೆ ಟಗರು ತೆಗೆದುಕೊಂಡು ಬಿತ್ತನೆ ಕಬ್ಬು ನೋಡಲು ಅಲಖನೂರಿಗೆ ಹೋದರು. ನಮ್ಮ ಮನೆಯಲ್ಲಿ ಸೈಕಲ್ ಅಂದರೆ ಸಲಿಕೆ, ಕೊಡಲಿ ಇದ್ದ ಹಾಗೆ. ಬೇಕಾದವರು ಬೇಕಾದಾಗ ಒಯ್ಯಬಹುದು. ಕೇಳುವುದೇ ಅಪಮಾನ. ಮಧ್ಯಾಹ್ನ ಬಂದು ಗೋಡೆಗೆ ಒರಗಿಸಿಟ್ಟರು. ಮೊಣಕೈ ತರಚಿತ್ತು. “ಎಮ್ಮಿ ಅಡ್ಡ ಬಂತು” ಅಂದರು. ಅಷ್ಟೇ.

ಮರುದಿನ ಬೆಳಿಗ್ಗೆ ಓಣಿಯ ತಿರುವಿನಲ್ಲಿ ನನ್ನ ಬೂಟಿನ ತುದಿ ಮುಂದಿನ ಗಾಲಿಗೆ ತಾಗಿತು. ಒಂದೂವರೆ ವರ್ಷದಲ್ಲಿ ಒಮ್ಮೆಯೂ ತಾಗಿರಲಿಲ್ಲ. ಇಳಿದು ನೋಡಿದೆ. ಫೋರ್ಕ್ ಹಿಂದಕ್ಕೆ ಸರಿದಿತ್ತು. ಹ್ಯಾಂಡಲಿನ ಕೆಳಗಿನ ಓರೆ ಪೈಪಿನಲ್ಲಿ, ಬೆಸುಗೆಯ ಹಿಂದೆ, ಬಣ್ಣ ಸುಕ್ಕುಗಟ್ಟಿ ಬಿರಿದಿತ್ತು. ಟೇಪು ತಂದು ಅಳೆದೆ. ಮೂವತ್ತೆಂಟೂಕಾಲು. ಎಮ್ಮೆ ಅಡ್ಡ ಬಂದರೆ ಮನುಷ್ಯ ಬೀಳುತ್ತಾನೆ. ಫೋರ್ಕ್ ಹಿಂದಕ್ಕೆ ಹೋಗಬೇಕಾದರೆ ಗಟ್ಟಿಯಾದದ್ದಕ್ಕೆ ನೇರವಾಗಿ ಗುದ್ದಿರಬೇಕು. ಅದು ಕಾರ್ಖಾನೆಗೆ ಹೊರಟ ಕಬ್ಬಿನ ಗಾಡಿಯ ಹಿಂಬದಿ ಅಂತ ಆಮೇಲೆ ಅದೇ ಗಾಡಿಯವನು ಹೇಳಿದ. ಕಾಕಾ ಹಾಲಿನ ಸೈಕಲ್ಲಿನ ಅಂದಾಜಿನಲ್ಲಿ ಬ್ರೇಕ್ ಹಿಡಿದಿದ್ದರಂತೆ.

ಚಿಕ್ಕೋಡಿಯ ಬಸ್‌ಸ್ಟ್ಯಾಂಡಿನ ಹತ್ತಿರದ ಸೈಕಲ್ ಮಿಸ್ತ್ರಿ ಮುಂದಿನ ಗಾಲಿ ಬಿಚ್ಚಿ ತಿರುಗಿಸಿ ನೋಡಿ ತಲೆಯಾಡಿಸಿದ.

“ರಿಮ್ ಏಟ ತಿಂದೈತ್ರಿ. ಸೀದಾ ಮಾಡಿ ಕೊಡ್ತೀನಿ. ಗಟ್ಟಿ ಮಾಡಾಕ ಮಾತ್ರ ಆಗಂಗಿಲ್ರಿ.”

“ಯಾಕ?”

“ಬಗ್ಗಿದ್ದನ್ನ ಎಳದ ನಿಲ್ಲಸಬೇಕಂದ್ರ ಈ ಕಡೆ ಕಡ್ಡಿ ಬಿಗಿ ಮಾಡಬೇಕು, ಆ ಕಡೀದು ಸಡಲ ಬಿಡಬೇಕು. ಸಡಲ ಇದ್ದದ್ದು ಮುರೀತೈತಿ. ಗುದ್ದಿ ತಂದಾಂವಗ ಬಾಯಿ ಮಾಡ್ರಿ, ನನಗ ಅಲ್ಲ, ಹೂಂ?”

ಅವನು ಹೇಳಿದ ಹಾಗೆಯೇ ಆಯಿತು. ಆರು ವಾರದಲ್ಲಿ ಒಂಬತ್ತು ಕಡ್ಡಿ ಮುರಿದವು. ಮೀಟಿದರೆ ಒಂದು ಠಣ್ ಅನ್ನುತ್ತಿತ್ತು, ಪಕ್ಕದ್ದು ಸುಮ್ಮನಿರುತ್ತಿತ್ತು. ಏರಿನಲ್ಲಿ ಎದ್ದು ನಿಂತು ತುಳಿದರೆ ಗಾಲಿ ಒಲೆದು ಬ್ರೇಕಿಗೆ ಉಜ್ಜುತ್ತಿತ್ತು. ಉಜ್ಜದಿರಲಿ ಅಂತ ಬ್ರೇಕ್ ಸಡಿಲ ಬಿಟ್ಟರೆ ಇಳಿಜಾರಿನಲ್ಲಿ ಭಯ. ಫೋರ್ಕಿನ ಓರೆ ಕೆಟ್ಟಿದ್ದರಿಂದ ಹ್ಯಾಂಡಲ್ ಕೈಯಲ್ಲಿ ನಿಲ್ಲದೆ ನಡುಗುತ್ತಿತ್ತು. ನಲವತ್ನಾಲ್ಕು ನಿಮಿಷದ ದಾರಿಗೆ ಒಂದು ಗಂಟೆ ಐದು ನಿಮಿಷ ಹಿಡಿಯತೊಡಗಿತು.

ಮೊದಲ ಸಲ ತಡವಾದಾಗ ಅವ್ವ ಹಿತ್ತಲ ಬಾಗಿಲಲ್ಲಿ ನಿಂತಿದ್ದಳು. ಸೂರ್ಯ ಕಬ್ಬಿನೊಳಗೆ ಇಳಿದಿದ್ದ. ನನಗೆ ಬಡಿಸಿದಳು, ತನ್ನ ತಾಟನ್ನು ಬರಿದಾಗಿಯೇ ತೊಳೆದು ಗೂಡಿಗೆ ಇಟ್ಟಳು.

“ನೀ ಮೊದಲ ಉಣ್ಣಬೇಕಿತ್ತಿಲ್ಲಬೇ?”

“ಈಗ ಬರ್ತಿ, ಈಗ ಬರ್ತಿ ಅಂತ ಕುಂತೆ. ಒಂದ ಹೊತ್ತು ಉಣ್ಣದಿದ್ರ ಸಾಯತೀನೇನು? ಯಾರ ಮುಂದೂ ಅನಬ್ಯಾಡ.”

ರಾತ್ರಿ ಎಲ್ಲರಿಗೂ ಅವಳೇ ಬಡಿಸಿದಳು. ಅವಳು ಯಾವಾಗಲೂ ಮೊದಲೇ ಉಂಡಿರುವವಳು, ಹಾಗಾಗಿ ಯಾರೂ ಕೇಳಲಿಲ್ಲ. ಅವಳ ಹಸಿವಿನ ಸುದ್ದಿ ಮನೆಯಲ್ಲಿ ಗೊತ್ತಿದ್ದದ್ದು ನನಗೊಬ್ಬನಿಗೇ. ನಾನು ಡೈರಿಯಲ್ಲಿ ಒಂದು ಗೆರೆ ಎಳೆದು ‘ಅವ್ವ’ ಅಂತ ಬರೆದು, ಉಣ್ಣದ ದಿನಗಳಿಗೆ ಅಡ್ಡಗೆರೆ ಹಾಕುತ್ತ ಹೋದೆ. ಪ್ರಾಕ್ಟಿಕಲ್ ಬೇಗ ಬಿಡಿರಿ ಅಂತ ಪ್ರೊಫೆಸರರನ್ನು ಕೇಳಿದೆ. “ನಿಮ್ಮವ್ವಗ ಊಟಾ ಮಾಡಾಕ ಹೇಳಪಾ, ನನಗ ಯಾಕ ಹೇಳ್ತಿ?” ಅಂದರು. ಕಾಕಾನನ್ನು ಕೇಳಿದೆ, ಸೈಕಲ್ಲಿನ ವಿಷಯವಷ್ಟೇ.

“ಕಾಕಾ, ಗಾಡಿಗೆ ಗುದ್ದಿದ್ದು ಖರೇ ಏನ್ರಿ?”

“ಯಾವ ಗಾಡಿ? ಅದರ ಹ್ಯಾಂಡಲ್ ಮೊದಲಿಂದೂ ಸೊಟ್ಟ ಐತಿ. ಟಗರಿನ ಕೋಡು ಸೀದಾ ಇರತೈತೇನು?”

ಜನವರಿ ಮೂರು, ಭಾನುವಾರ. ಮಧ್ಯಾಹ್ನ ಮನೆಯವರೆಲ್ಲ ಪಡಸಾಲೆಯಲ್ಲಿ ಊಟಕ್ಕೆ ಕೂತಿದ್ದರು. ನಾನು ಟೇಪು, ಎರಡು ವರ್ಷದ ಡೈರಿಗಳನ್ನು ತಂದು ನಿಂತು ಓದಿದೆ. ಮೊದಲು ಬಂದ ದಿನದ ಅಳತೆ, ಆಮೇಲಿನ ಅಳತೆ, ಮುರಿದ ಕಡ್ಡಿಗಳು.

ಕಾಕಾ ರೊಟ್ಟಿ ಮುರಿಯುತ್ತ ನಕ್ಕರು. “ಒಂದೂಕಾಲ ಇಂಚಿಗೆ ಇಷ್ಟ ಗುದ್ದಾಡತಾನ. ನಾಳೆ ಹೊಲಾ ಹಂಚೂಮುಂದ ಇಂವನ ಕಡಿಂದ ದೇವರ ಕಾಯಬೇಕು!”

ಎಲ್ಲರೂ ನಕ್ಕರು. ಅಪ್ಪ ಮಾತ್ರ ನಗಲಿಲ್ಲ. “ಹಿರೇರ ಮುಂದ ಟೇಪ ಹಿಡಕೊಂಡ ನಿಲ್ಲತಾರೇನು? ಕುಂದರ ಕೆಳಗ” ಅಂದರು.

ತಪ್ಪು ಮಾಡಿದವರು ಕೂತು ಉಣ್ಣುತ್ತಿದ್ದರು, ಬೈಗುಳ ನನಗೆ. ಸಿಟ್ಟಿನಲ್ಲಿ ಅವ್ವನ ಅಡ್ಡಗೆರೆಗಳ ಪುಟವನ್ನೂ ತೆರೆದೆ. “ಹದಿನಾರ ಪ್ರಾಕ್ಟಿಕಲ್. ಅದರಾಗ ಹನ್ನೊಂದ ದಿನಾ ಅವ್ವ ರಾತ್ರಿ ಉಪಾಸ. ನೀವು ಸೈಕಲ್ ಬಗ್ಗಿಸಿದ್ದಕ್ಕ” ಅಂದೆ. ತಾರೀಖುಗಳನ್ನೂ ಓದಿದೆ, ಹನ್ನೊಂದನ್ನೂ.

ಕಾಕಾನ ಕೈಯಲ್ಲಿನ ತುತ್ತು ಬಾಯಿಗೆ ಹೋಗಲಿಲ್ಲ. ಅವರು ನನ್ನ ಕಡೆ ನೋಡಲಿಲ್ಲ, ಅಡುಗೆಮನೆಯ ಬಾಗಿಲ ಕಡೆ ನೋಡಿದರು.

“ವೈನಿ, ಖರೇ ಏನು?”

ಅವ್ವ ಹೊರಗೆ ಬರಲಿಲ್ಲ. ಒಳಗಿನಿಂದಲೇ “ಅಂವಗ ಹುಚ್ಚ ಹಿಡದೈತಿ, ನೀವು ಉಣ್ರಿ” ಅಂದಳು. ಆಮೇಲೆ ನನ್ನನ್ನು ದನದ ಕೊಟ್ಟಿಗೆಗೆ ಕರೆದಳು. ಅವಳಿಗೆ ಅಷ್ಟು ಸಿಟ್ಟು ಬಂದದ್ದನ್ನು ನಾನು ನೋಡಿರಲಿಲ್ಲ.

“ನಾ ಉಂಡದ್ದು, ಬಿಟ್ಟದ್ದು ಬರದಿಟ್ಟಿಯೇನು? ಎಲ್ಲಾರ ಮುಂದ ಓದಾಕ?”

“ನಿನ್ನ ಸಲುವಾಗಿ ಓದಿದ್ನಿ, ಅವ್ವಾ.”

“ನನ್ನ ಸಲುವಾಗೇನ? ಅವರನ್ನ ಗೆಲ್ಲೂ ಸಲುವಾಗಿ ಓದಿದಿ. ಯಾರ ಮುಂದೂ ಅನಬ್ಯಾಡ ಅಂತ ಬಾಯಿ ಬಿಟ್ಟ ಹೇಳಿದ್ದಿಲ್ಲೇನು?”

ಹೇಳಿದ್ದಳು, ನಿಜ. ಅದನ್ನು ನಾನು ಒಪ್ಪುತ್ತೇನೆ. ನನ್ನ ತಪ್ಪನ್ನು ನಾನು ಒಪ್ಪಬಲ್ಲೆ, ಆ ಮನೆಯಲ್ಲಿ ಅದನ್ನು ಮಾಡಿದವನು ನಾನೊಬ್ಬನೇ.

ಬುಧವಾರ ಬೆಳಿಗ್ಗೆ ಎದ್ದು ನೋಡಿದರೆ ಸೈಕಲ್ ಇರಲಿಲ್ಲ. ಕಾಕಾ ಅದನ್ನು ಬಸ್ಸಿನ ಟಪ್ಪಿನ ಮೇಲೆ ಹಾಕಿಕೊಂಡು ಸಾಂಗ್ಲಿಗೆ ಹೋಗಿದ್ದರು. ಈ ಸಲವೂ ನನ್ನನ್ನು ಕೇಳಿರಲಿಲ್ಲ. ಐದು ದಿನದ ಮೇಲೆ ತಂದರು. ಹೊಸ ಫೋರ್ಕ್, ಹೊಸ ರಿಮ್ಮು, ಮಾಮಾ ನಿಂತು ಕಟ್ಟಿಸಿದ ಗಾಲಿ. ಸುಕ್ಕಿದ ಪೈಪನ್ನು ಎಳೆದು ಸರಿಮಾಡಿದ್ದರು, ಪೂರ್ತಿ ಬಂದಿರಲಿಲ್ಲ. ಅಳೆದೆ: ಮೂವತ್ತೊಂಬತ್ತೂಕಾಲು. ಕಡ್ಡಿಗಳೆಲ್ಲ ಒಂದೇ ದನಿ. “ನಿಮ್ಮ ಮಾಮಾನ್ನ ಮಾತಾಡಸಾಕ ಹೋಗಿದ್ನಿ, ಹಾದ್ಯಾಗ ಮಾಡಿಸಿಕೊಂಡ ಬಂದ್ನಿ” ಅಂದರು ಕಾಕಾ. ಮಾತಾಡಿಸಲು ಹೋಗುವವರು ಸೈಕಲ್ ಹೊತ್ತುಕೊಂಡು ಹೋಗುತ್ತಾರೆಯೆ? ಗುದ್ದಿದೆ ಅನ್ನುವುದು ಒಂದೇ ಒಂದು ಮಾತು. ಸಾಂಗ್ಲಿಗೆ ಹೋಗಿ ಬರುವುದು ಅವರಿಗೆ ಅದಕ್ಕಿಂತ ಸುಲಭವಾಯಿತು.

ಜನವರಿ ಹದಿಮೂರು, ಬುಧವಾರ, ಪ್ರಾಕ್ಟಿಕಲ್ ಇತ್ತು. ಎಂದೂ ತುಳಿಯದ ಹಾಗೆ ತುಳಿದೆ. ನಲವತ್ತಾರು ನಿಮಿಷ. ಅಂಗಳಕ್ಕೆ ಬಂದಾಗ ಸೂರ್ಯ ಇನ್ನೂ ಕಬ್ಬಿನ ಮೇಲೆ ಒಂದು ಮಾರು ಎತ್ತರ ಇದ್ದ. ಅಡುಗೆಮನೆಯಲ್ಲಿ ಅವ್ವ, ಕಾಕೂ ಇಬ್ಬರೂ ಎಲೆ ಅಡಿಕೆ ಹಾಕಿಕೊಂಡು ಏನೋ ಮಾತಾಡಿ ನಗುತ್ತಿದ್ದರು. ತೊಳೆದ ಎರಡು ತಾಟು ಬೋರಲು ಬಿದ್ದಿದ್ದವು. ನನ್ನದೊಂದು ಹಾಕಿಟ್ಟಿದ್ದರು.

“ಬಂದೀ? ಕೈಕಾಲ ತೊಳಕೊ, ಬಡಸತೀನಿ.”

“ನೀ ಉಂಡ್ಯಾ?”

“ಐದಕ್ಕ ಕುಂತಿದ್ವಿ, ಇಬ್ಬರೂ. ಇನ್ನಮ್ಯಾಲ ನಿಮ್ಮ ಕಾಕೂನೂ ಹೊತ್ತ ಇರತಾನ ಉಣ್ಣತಾಳಂತ. ನಿಮ್ಮ ಕಾಕಾ ಹೇಳ್ಯಾನ.”

“ಇವತ್ತ ನಾ ಹೊತ್ತಿಗೆ ಸರಿಯಾಗಿ ಬಂದೀನಲಾ, ಅವ್ವಾ. ನಲವತ್ತಾರ ನಿಮಿಷ.”

“ಬಂದಿ. ಬರದಿದ್ರ ಬರಕೋತಿದ್ದಿ.”

ಕಾಕೂ ಸೆರಗು ಬಾಯಿಗೆ ಹಿಡಿದು ನಕ್ಕಳು. ಅವ್ವ ನಗಲಿಲ್ಲ. ಎರಡು ರೊಟ್ಟಿ, ಬದನೆಕಾಯಿ ಪಲ್ಯ ಬಡಿಸಿ, ಕಾಕೂನನ್ನು ಕರೆದುಕೊಂಡು ಎಮ್ಮೆಗೆ ನೀರು ಕುಡಿಸಲು ಹೋದಳು. ಗಾಲಿ ಗಟ್ಟಿಯಾಗಿತ್ತು, ಇಂಚು ಬಹುಮಟ್ಟಿಗೆ ತಿರುಗಿ ಬಂದಿತ್ತು, ಅವಳು ಹಸಿದಿರಲಿಲ್ಲ. ನಾನು ಕೇಳಿದ್ದೆಲ್ಲ ಸಿಕ್ಕಿತ್ತು, ದೂರಲು ನನಗೆ ಕಾರಣ ಉಳಿಸಿರಲಿಲ್ಲ. ಅದೂ ಅನ್ಯಾಯವೇ ಅನ್ನಿಸಿತು ಆಗ, ಈಗಲೂ ಅನ್ನಿಸುತ್ತದೆ.

ಸೈಕಲ್ ಇನ್ನೂ ನನ್ನ ಹತ್ತಿರವೇ ಇದೆ. ಸಣ್ಣ ಟೈರು ಇಲ್ಲಿ ಸಿಗುವುದಿಲ್ಲ, ನಿಪ್ಪಾಣಿಯಿಂದ ತರಿಸುತ್ತೇನೆ. ಇಲ್ಲಿಯವರೆಗೆ ಹದಿನಾಲ್ಕು ಟೈರು, ಐದು ಚೈನು ಆಗಿವೆ. ಸಾಂಗ್ಲಿಯಲ್ಲಿ ಕಟ್ಟಿಸಿದ ಆ ಮುಂದಿನ ಗಾಲಿಯಲ್ಲಿ ಮಾತ್ರ ಇಂದಿನವರೆಗೆ ಒಂದು ಕಡ್ಡಿಯೂ ಮುರಿದಿಲ್ಲ. ಆ ವರ್ಷ ಪರೀಕ್ಷೆಯವರೆಗೆ ಇನ್ನೂ ಇಪ್ಪತ್ತೊಂದು ಪ್ರಾಕ್ಟಿಕಲ್ ಇದ್ದವು. ಯಾರೂ ಕಾಯುತ್ತಿರಲಿಲ್ಲ. ನಲವತ್ತೇಳು ನಿಮಿಷದ ಮೇಲೆ ಒಂದು ದಿನವೂ ಹೋಗಲಿಲ್ಲ, ಇಪ್ಪತ್ತೊಂದು ದಿನವೂ ಒಬ್ಬನೇ ಕೂತು ಉಂಡೆ.