ಗೋಡೆಯ ದಪ್ಪ

ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಕುಂದಾಣದ ನಮ್ಮ ಮನೆಯ ಹಜಾರದಲ್ಲಿ ನಾವು ಮೂವರು ಗೆಳೆಯರು ಕತೆಯಾಟ ಆಡುತ್ತಿದ್ದೆವು. ಒಬ್ಬ ಕತೆ ಹೇಳುತ್ತಾನೆ, ಮಿಕ್ಕವರು ಅದರೊಳಗಿನ ಪಾತ್ರಗಳಾಗಿ ತಾವೇನು ಮಾಡುತ್ತೇವೆಂದು ಹೇಳುತ್ತಾರೆ, ಅದು ಆಗುತ್ತದೋ ಇಲ್ಲವೋ ಎಂದು ಇಪ್ಪತ್ತು ಮುಖದ ದಾಳ ತೀರ್ಮಾನಿಸುತ್ತದೆ. ಕತೆ ಹೇಳುವವನು ನಾನು. ನಿಯಮದ ವಿಷಯದಲ್ಲಿ ನಾನು ಮಹಾ ಹಟಮಾರಿ. ಏನು ಹುಡುಕಬೇಕಾದರೂ ದಾಳ ಹಾಕಲೇಬೇಕು. ಹನ್ನೆರಡು ದಾಟಿದರೆ ಸಿಕ್ಕಿತು, ಇಲ್ಲದಿದ್ದರೆ ಇಲ್ಲ. ಒಬ್ಬರಿಗೆ ಒಂದೇ ಸಲ. ಗೆಳೆಯರು ನನ್ನನ್ನು ‘ತಹಸೀಲ್ದಾರ್ರೇ’ ಅಂತ ರೇಗಿಸುತ್ತಿದ್ದರು.

ಅಮ್ಮ ತೀರಿಕೊಂಡ ಮೇಲೆ ಅಪ್ಪನಿಗೆ ಮರೆವು ಶುರುವಾಗಿತ್ತು. ತಲೆಗೆ ಏನಾದರೂ ಕೆಲಸ ಕೊಡುತ್ತಿರಿ ಅಂತ ಡಾಕ್ಟರು ಹೇಳಿದ್ದರಿಂದ ಅವರನ್ನೂ ಆಟಕ್ಕೆ ಕೂರಿಸಿದೆ. ಅಪ್ಪ ಸರ್ವೇಯರ್ ಆಗಿದ್ದವರು. ಮಣ್ಣಿನಲ್ಲಿ ಹೂತುಹೋದ ಜಮೀನಿನ ಗಡಿಕಲ್ಲು ಹುಡುಕುವುದರಲ್ಲಿ ಎತ್ತಿದ ಕೈ. ಊರವರು ಗುದ್ದಲಿ ಹಿಡಿದು ಕಂಡಕಂಡಲ್ಲಿ ಅಗೆಯುತ್ತಿದ್ದರೆ, ಅಪ್ಪ ಕಣ್ಣಿಗೆ ಕಾಣುವ ಎರಡು ಕಲ್ಲುಗಳಿಂದ ಅಳತೆಯ ಚೈನು ಎಳೆದು, ‘ಇಲ್ಲಿ ತೋಡಿ’ ಅನ್ನುತ್ತಿದ್ದರು. ಕಲ್ಲು ಅಲ್ಲೇ ಇರುತ್ತಿತ್ತು. ಆಗ ಅವರ ಮುಖ ನೋಡಬೇಕಿತ್ತು. ಆ ಮುಖವನ್ನು ಇನ್ನೊಂದು ಸಲ ನೋಡುವ ಆಸೆ ನನಗೆ.

ಆವತ್ತಿನ ಕತೆಯಲ್ಲಿ ಒಂದು ಹಳೇ ಬಂಗಲೆ, ಕಾಣೆಯಾದ ಮನೆಯೊಡತಿ. ಅವಳು ಗೋಡೆಯ ಹಿಂದಿನ ಗುಟ್ಟಿನ ಕೋಣೆಯಲ್ಲಿ ಸಿಕ್ಕಿಕೊಂಡಿದ್ದಾಳೆ. ಬೇಗ ಬಾಗಿಲು ಸಿಗದಿದ್ದರೆ ಬದುಕುವುದಿಲ್ಲ. ಹೆಂಡತಿಯನ್ನು ಕಳೆದುಕೊಂಡವರ ಮುಂದೆ ಇಂಥ ಕತೆ ತೆಗೆದ ನನ್ನ ಬುದ್ಧಿಗೆ ಏನು ಹೇಳಲಿ.

ಗೆಳೆಯರಿಬ್ಬರಿಗೂ ದಾಳ ಕೈಕೊಟ್ಟಿತು. ಅಪ್ಪ ದಾಳ ಮುಟ್ಟಲೇ ಇಲ್ಲ.

“ಹುಡುಕೋದ್ಯಾಕೆ? ಅಳೆದ್ರಾಯ್ತು. ಮನೆ ಹೊರಗಡೆ ಅಳತೆ ತಗೊ, ಒಳಗಡೆ ಅಳತೆ ತಗೊ. ಗೋಡೆ ದಪ್ಪ ಕಳಿ. ಆಮೇಲೂ ಕಮ್ಮಿ ಬಂತು ಅಂದ್ರೆ ಅಲ್ಲೇ ಅವ್ಳೆ ಆಯಮ್ಮ.”

ಗೆಳೆಯರು ಚಪ್ಪಾಳೆ ತಟ್ಟಿದರು. “ಅಂಕಲ್, ಸೂಪರ್! ಲೇ, ಸಿಕ್ತು ಅನ್ನೋ.”

ಅನ್ನಬಹುದಿತ್ತು. ಅಪ್ಪನ ಕಣ್ಣಲ್ಲಿ ಆ ಹಳೇ ಬೆಳಕು ಆಗಲೇ ಬಂದಿತ್ತು. ಆದರೆ ನಾನು ತಹಸೀಲ್ದಾರ. “ಐಡಿಯಾ ಚೆನ್ನಾಗಿದೆಯಪ್ಪ, ಆದ್ರೂ ದಾಳ ಹಾಕ್ಬೇಕು” ಅಂದೆ. ಇಷ್ಟು ಒಳ್ಳೆಯ ಉಪಾಯಕ್ಕೆ ದಾಳವೂ ಒಲಿಯುತ್ತದೆ ಅಂದುಕೊಂಡಿದ್ದೆ.

ಅಪ್ಪ ಹಾಕಿದರು. ಎರಡು ಬಿತ್ತು.

“ಪರವಾಗಿಲ್ಲಪ್ಪ, ಸಿಕ್ತು ಅಂತಾನೇ ಇಟ್ಕೊ” ಎಂದು ಗಾಬರಿಯಲ್ಲಿ ಹೇಳಿದೆ.

ಅಪ್ಪ ದಾಳವನ್ನೇ ನೋಡುತ್ತಿದ್ದರು. “ಎರಡು ಬಿದ್ದೈತೆ. ಸರ್ವೀಸಲ್ಲಿ ಯಾರಿಗೋಸ್ಕರಾನೂ ಒಂದು ಕಲ್ಲು ಜರುಗಿಸ್ದೋನಲ್ಲ ನಾನು.” ಎದ್ದು ಒಳಗೆ ಹೋದರು. ನಾವು ಮೂವರೂ ಪೆಚ್ಚಾಗಿ ಕೂತೆವು.

ಮಾರನೇ ದಿನ ಬೆಳಿಗ್ಗೆ ನಾನು ಕೆಲಸಕ್ಕೆ ಹೊರಡುವ ಹೊತ್ತಿಗೆ ಅಪ್ಪ ಟೇಪು ಹಿಡಿದು ಮನೆಯ ಹೊರಗೋಡೆ ಅಳೆಯುತ್ತಿದ್ದರು. ನನ್ನನ್ನು ಕಂಡಿದ್ದೇ ತಡ, ಇನ್ನೊಂದು ತುದಿ ನನ್ನ ಕೈಗಿಟ್ಟರು. ಮನೆಯ ಅಗಲಕ್ಕೂ ಚಾಚಿದ ಹಜಾರವನ್ನೂ ಒಳಗಿನಿಂದ ಈ ಗೋಡೆಯಿಂದ ಆ ಗೋಡೆಯವರೆಗೆ ಅಳೆದೆವು. ಅಪ್ಪ ಹಳೇ ಕ್ಯಾಲೆಂಡರಿನ ಹಿಂದೆ ಬರೆದುಕೊಂಡು ಕೂಡಿ ಕಳೆದು ನೋಡಿದರು. ಮುಖ ಅರಳಿತು. ನಾನು ಕಾದಿದ್ದ ಮುಖ ಅದೇ.

“ಒಂದೂವರೆ ಅಡಿ ಕಮ್ಮಿ ಬರ್ತೈತೆ ಕಣೋ!”

ನನಗೆ ತಕ್ಷಣ ಹೊಳೆಯಿತು. ಆ ಕಡೆ ಒಂಬತ್ತಿಂಚಿನ ಗೋಡೆ, ಈ ಕಡೆ ಒಂಬತ್ತಿಂಚಿನ ಗೋಡೆ. ಜೀವಮಾನವಿಡೀ ಅಳೆದವರು, ಹಿಂದಿನ ದಿನವಷ್ಟೇ ನಮಗೆ ಹೇಳಿಕೊಟ್ಟವರು, ಗೋಡೆಯ ದಪ್ಪ ಕಳೆಯುವುದನ್ನು ಮರೆತಿದ್ದರು.

ಹೇಳಿದರೆ ಲೆಕ್ಕ ಸರಿಹೋಗುತ್ತದೆ. ತಾವು ಮರೆತದ್ದೂ ಅವರಿಗೆ ಗೊತ್ತಾಗುತ್ತದೆ.

ಅಪ್ಪ ಗೋಡೆಗೆ ಕಿವಿಯಿಟ್ಟು ಬೆರಳಿಂದ ಮೆಲ್ಲಗೆ ತಟ್ಟಿದರು.

“ನಿಮ್ಮಮ್ಮ ಇಲ್ಲೇ ಎಲ್ಲೋ ಅವ್ಳೆ. ಇನ್ನೊಂದ್ಸಲ ಅಳೆಯಾಣ, ಟೇಪು ಬಿಗಿಯಾಗಿ ಹಿಡ್ಕೊ.”

ಬಿಗಿಯಾಗಿ ಹಿಡಿದುಕೊಂಡೆ.