ಕಾರ್ಖಾನೆಗೆ ಒಯ್ದ ಸುಣ್ಣದ ಪೊಟ್ಟಣ

ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ ನಾನು ಶ್ರೀನಿವಾಸಪುರದ ಕಡೆಯ ಒಂದು ಹಳ್ಳಿಯ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟರಾಗಿದ್ದೆ. ಪ್ರಯೋಗಾಲಯ ಎಂಬ ಹೆಸರಿನ ಒಂದು ಬೀರು ನಮ್ಮಲ್ಲಿತ್ತು. ಅದರ ಬೀಗದ ಕೈ ಮುಖ್ಯೋಪಾಧ್ಯಾಯರ ಸೊಂಟದಲ್ಲಿರುತ್ತಿತ್ತು. ವಿಜ್ಞಾನಕ್ಕೆ ಗಾಳಿ ತಾಗೀತೆಂದು ಅವರು ಅದನ್ನು ತೆಗೆಯುತ್ತಿರಲಿಲ್ಲ.

ಹತ್ತನೇ ತರಗತಿಯ ಪುಸ್ತಕದ ಕೊನೆಯಲ್ಲಿ ಅರೆವಾಹಕಗಳ ಬಗ್ಗೆ ಒಂದು ಪಾಠವಿತ್ತು. ಪರೀಕ್ಷೆಯಲ್ಲಿ ಅದನ್ನು ಕೇಳುತ್ತಿರಲಿಲ್ಲವಾದ್ದರಿಂದ ಮನಸ್ಸಿಟ್ಟು ಪಾಠ ಮಾಡುವ ಸ್ವಾತಂತ್ರ್ಯ ನನಗಿತ್ತು.

"ಇವು ಒಂದು ಸಲ ಕರೆಂಟು ಬಿಡ್ತವೆ, ಇನ್ನೊಂದು ಸಲ ಬಿಡಲ್ಲ. ಎಲ್ಲ ನಾವು ಹೇಗೆ ಕೇಳ್ತೀವಿ ಅನ್ನೋದರ ಮೇಲಿದೆ" ಎಂದೆ.

"ನಮ್ಮ ಸೋದರಮಾವನ ಥರ ಸಾರ್" ಎಂದಿತು ಹಿಂದಿನ ಬೆಂಚು. ಪುಸ್ತಕದಲ್ಲಿದ್ದ ವ್ಯಾಖ್ಯೆಗಿಂತ ಇದು ಸರಿಯಾಗಿದ್ದುದರಿಂದ ನಾನು ಗದರಲಿಲ್ಲ.

ಬೆಂಗಳೂರಿನ ಒಂದು ಟ್ರಾನ್ಸಿಸ್ಟರ್ ಕಾರ್ಖಾನೆಯಲ್ಲಿ ನನ್ನ ಹಾಸ್ಟೆಲಿನ ಗೆಳೆಯನೊಬ್ಬನಿದ್ದ. ಅಲ್ಲಿ ಒಡೆದುಹೋದ ಸಿಲಿಕಾನ್ ಬಿಲ್ಲೆಯ ಒಂದು ಚೂರನ್ನು ಅವನು ನನಗೆ ಕೊಟ್ಟಿದ್ದ. ಬೆಂಕಿಪೊಟ್ಟಣದಲ್ಲಿ ಹತ್ತಿಯ ಮೇಲೆ ಅದನ್ನು ಮಲಗಿಸಿ, ಉತ್ಸವಮೂರ್ತಿಯ ಗಾಂಭೀರ್ಯದಿಂದ ತರಗತಿಗೆ ತಂದೆ. ಇದು ಮರಳಿನಿಂದ ಆದದ್ದು ಎಂದು ಹೇಳಿದ್ದೇ ತಪ್ಪಾಯಿತು. ಮರುದಿನ ಮೇಜಿನ ಮೇಲೆ ಕೆರೆಯ ಮರಳಿನ ಗುಡ್ಡೆಗಳಿದ್ದವು. "ಇಷ್ಟರಲ್ಲಿ ಎಷ್ಟು ಟ್ರಾನ್ಸಿಸ್ಟರ್ ಆಗುತ್ತೆ ಸಾರ್?" ಎಂದು ತಂದವರು ಜೇಬು ಕೊಡವುತ್ತ ಕೇಳಿದರು.

ಆ ಚೂರು ಕೈಯಿಂದ ಕೈಗೆ ಹೋಗುವಾಗ ಎಲ್ಲರೂ ಹೆಬ್ಬೆರಳಿನಿಂದ ಅದನ್ನು ಉಜ್ಜಿ ನೋಡಿದರು. ಒಬ್ಬಳು ಹುಡುಗಿ ಮಾತ್ರ ಅಂಚಿನಲ್ಲಿ ಹಿಡಿದು, ಉಸಿರು ತಾಗದಂತೆ ಮುಖ ಪಕ್ಕಕ್ಕೆ ತಿರುಗಿಸಿಕೊಂಡಳು.

"ಹೀಗೆ ಹಿಡಿಯೋಕೆ ಯಾರು ಹೇಳಿಕೊಟ್ಟರಮ್ಮ?"

"ಚಾಕಿ ಹುಳ ನೋಡೋವಾಗ ಹಿಂಗೇ ಸಾರ್. ಉಸಿರು ಬಿಟ್ರೆ ಅವ್ವ ಬೈತಾಳೆ."

ನಮ್ಮ ಕಡೆ ತೆಲುಗಿನ ನೆರಳು ಜಾಸ್ತಿ, ಅಜ್ಜಿಯನ್ನು ಅವ್ವ ಎನ್ನುತ್ತಾರೆ. ಚಾಕಿ ಎಂದರೆ ಮೊಟ್ಟೆಯೊಡೆದು ಆಗಷ್ಟೇ ಬಂದ ರೇಷ್ಮೆ ಹುಳು, ಅದನ್ನು ಬೆರಳಿನಿಂದ ಮುಟ್ಟದೆ ಕೋಳಿಯ ಗರಿಯಿಂದ ಸರಿಸಬೇಕು. ಆ ಮನೆಯಲ್ಲಿ ಅವ್ವ ನಂಬಿ ಗರಿ ಕೊಡುತ್ತಿದ್ದುದು ಈ ಮೊಮ್ಮಗಳೊಬ್ಬಳಿಗೇ.

ಸಂಜೆ ಬೆಲ್ಲು ಹೊಡೆದ ಮೇಲೂ ಹುಡುಗಿ ನಿಂತಿದ್ದಳು. "ಇದನ್ನ ಮಾಡೋ ಕಡೆ ಹೆಣ್ಮಕ್ಕಳನ್ನ ಸೇರಿಸ್ಕೊಂತಾರಾ ಸಾರ್?"

ಸೇರಿಸಿಕೊಳ್ಳುತ್ತಾರೆ, ಆದರೆ ಮೊದಲು ಪಾಲಿಟೆಕ್ನಿಕ್ಕಿನಲ್ಲಿ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮಾಡಬೇಕು, ಅದಕ್ಕೆ ಬೆಂಗಳೂರಿನ ಹಾಸ್ಟೆಲಿನಲ್ಲಿರಬೇಕು ಎಂದೆ. ಅವಳ ಅಪ್ಪನನ್ನು ಕೇಳಿದರೆ, "ನಂದೇನಿಲ್ಲ ಸಾರ್, ಅವ್ವ ಏನಂತಾಳೋ ಅದೇ" ಎಂದು ಹಿಪ್ಪುನೇರಳೆ ತೋಟದ ಕಡೆ ಹೊರಟುಹೋದ. ಹೀಗಾಗಿ ಅರೆವಾಹಕ ಉದ್ಯಮದ ಪರವಾಗಿ ವಾದಿಸಲು ನಾನು ಅವ್ವನ ಸನ್ನಿಧಿಗೆ ಹೋಗಬೇಕಾಯಿತು.

"ಅಲ್ಲೇ ನಿಲ್ಲಿ ಮೇಷ್ಟ್ರೇ!" ಹುಳು ಮನೆಯ ಬಾಗಿಲಿಗೆ ಇನ್ನೂ ದೂರವಿರುವಾಗಲೇ ಕೂಗು ಬಂತು. "ನಶ್ಯ ಹಾಕ್ತೀರಿ ನೀವು. ಹುಳಕ್ಕೆ ಆಗಲ್ಲ. ಜಗಲಿ ಮೇಲೆ ಕೂತ್ಕೊಳ್ಳಿ, ನಾನೇ ಬರ್ತೀನಿ."

ಅವ್ವ ಬಂದರು. ಪಾದಗಳು ಬೆಳ್ಳಗಿದ್ದವು. ಹುಳು ಮನೆಯ ಹೊಸ್ತಿಲಲ್ಲಿ ಗೋಣಿಚೀಲದ ಮೇಲೆ ಸುಣ್ಣದ ಪುಡಿ ಹರಡಿರುತ್ತಾರೆ. ರೋಗ ಒಳಗೆ ಹೋಗದಿರಲೆಂದು ಮನೆಯವರೂ ಅದನ್ನು ತುಳಿದೇ ಹೋಗಬೇಕು.

"ನಮ್ಮ ಹುಡುಗೀನ ರೇಡಿಯೋ ಅಂಗಡೀಲಿ ಕೂರಿಸ್ತೀರಂತಲ್ಲ ಮೇಷ್ಟ್ರೇ? ಹೋಗೋರು ಬರೋರೆಲ್ಲ ಇಣುಕಿ ನೋಡ್ಲಿ ಅಂತಲಾ?"

"ಅಂಗಡಿ ಅಲ್ಲಮ್ಮ, ಕಾರ್ಖಾನೆ. ತಲೆಗೆ ಟೋಪಿ, ಮೈಗೆ ಬಿಳಿ ಕೋಟು. ಹೂವು ಮುಡಿಯೋ ಹಾಗಿಲ್ಲ, ಪೌಡರ್ ಹಾಕೋ ಹಾಗಿಲ್ಲ, ಹೊರಗಿನೋರು ಒಳಗೆ ಕಾಲಿಡೋ ಹಾಗಿಲ್ಲ. ಒಂದು ಕಣ ಧೂಳು ಬಿದ್ರೂ ಬೆಳೆ ಹೋಯ್ತು ಅಂತಲೇ ಲೆಕ್ಕ."

ಹುಳು ಸಾಕುವವರ ಮಾತಾದ ಬೆಳೆ ಎಂದೊಡನೆ ಮುದುಕಮ್ಮನ ಮುಖ ನನ್ನ ಕಡೆ ತಿರುಗಿತು.

"ಅಟ್ಲಾ?" ಎಂದರು. ವಿಷಯ ಗಂಭೀರವಾದರೆ ಅವರು ತೆಲುಗಿಗೆ ಇಳಿಯುತ್ತಿದ್ದರು; ಹಾಗಾ ಎಂದು ಅರ್ಥ. "ಬಾಗಿಲಲ್ಲಿ ಏನು ತುಳೀತಾರೆ?"

ನಾನು ಆ ಕಾರ್ಖಾನೆಯ ಒಳಗೆ ಹೋದವನಲ್ಲ. ಆದರೆ ಗೊತ್ತಿಲ್ಲ ಎನ್ನುವುದು ನಮ್ಮ ವೃತ್ತಿಯಲ್ಲಿ ವಾಡಿಕೆಯಿಲ್ಲ. "ಏನೋ ಒಂದು ತುಳೀತಾರಮ್ಮ" ಎಂದೆ.

"ಹಂಗಾದ್ರೆ ಇವಳು ಹೋಗಿ ನೋಡ್ಕೊಂಡು ಬರ್ಲಿ. ಅವರ ಮನೆ ಮಡಿ ನಮ್ಮನೆಗಿಂತ ಕಡಿಮೆ ಇದ್ರೆ ಇವಳು ಎಲ್ಲಿಗೂ ಹೋಗಲ್ಲ. ಆಮೇಲೆ ಯಾರೂ ಬಂದು ನನ್ನ ಕೇಳಬಾರದು, ನೀವೂನೂ."

ಗೆಳೆಯನಿಗೆ ಹೇಳಿ ಇಡೀ ತರಗತಿಗೆ ಕಾರ್ಖಾನೆ ತೋರಿಸುವ ಏರ್ಪಾಡು ಮಾಡಿಸಿದೆ. ಮುಂಜಾನೆ ಬುತ್ತಿ ಕಟ್ಟಿಕೊಂಡು ಹೊರಟೆವು. ಈಗ ಕಂಪನಿ ಬಸ್ಸುಗಳು ಸಾಲುಗಟ್ಟುವ ನರಸಾಪುರದ ಹತ್ತಿರ ಆಗ ನಮ್ಮ ಬಸ್ಸನ್ನು ತಡೆದದ್ದು ಒಂದು ಕುರಿಮಂದೆ. ಹುಡುಗಿಯ ಮಡಿಲಲ್ಲಿ ಬುತ್ತಿಯಲ್ಲದೆ ಇನ್ನೊಂದು ಪೊಟ್ಟಣವಿತ್ತು. ಏನೆಂದು ಕೇಳಿದೆ.

"ಸುಣ್ಣ ಸಾರ್. ಬೇರೆಯೋರ ಹುಳು ಮನೆಗೆ ಹಂಗೇ ಹೋಗಬಾರದಂತೆ. ಎಲ್ಲರೂ ತುಳಿದೇ ಹೋಗ್ಬೇಕು ಅಂತ ಅವ್ವ ಹೇಳಿ ಕಳಿಸಿದಾಳೆ."

ಅತಿಥಿಗಳಿಗೆ ತಕ್ಕ ನಡವಳಿಕೆ ಎಂದು ನನಗೂ ಅನ್ನಿಸಿತು. ಕಾರ್ಖಾನೆಯ ಮೆಟ್ಟಿಲ ಬಳಿ ಚಪ್ಪಲಿ ಬಿಡಲು ಹೇಳಿದರು. ಅಲ್ಲೇ ಪೇಪರು ಹಾಸಿ ಸುಣ್ಣ ಹರಡಿದೆವು. ಇಡೀ ತರಗತಿ ಸಾಲಾಗಿ ತುಳಿದು ಒಳಗೆ ನಡೆಯಿತು. ಮೇಷ್ಟರಾದವರು ಮಾದರಿಯಾಗಿರಬೇಕಲ್ಲ, ನಾನೂ ತುಳಿದೆ.

ಒಳಗಿನ ನೆಲ ಕನ್ನಡಿಯಂತಿತ್ತು. ಅದರ ಮೇಲೆ ನಮ್ಮ ಹೆಜ್ಜೆಗಳು ಗೋಕುಲಾಷ್ಟಮಿಯ ದಿನ ಬರೆಯುವ ಕೃಷ್ಣನ ಪಾದಗಳಂತೆ ಮೂಡುತ್ತ ಹೋದವು. ಎದುರಿನಿಂದ ಬಂದ ಅಧಿಕಾರಿಯೊಬ್ಬರು ನಿಂತುಬಿಟ್ಟರು. ಅವರ ಮುಖದಲ್ಲಿ ಭಕ್ತಿ ಕಾಣಲಿಲ್ಲ.

"ಏನ್ರೀ ಇದು? ಪುಡಿ! ಇಲ್ಲಿಗೆ ಪುಡಿ ತಂದಿದ್ದೀರಾ? ಇದರಲ್ಲಿ ಒಂದು ಕಣ ಒಳಗೆ ಹೋದ್ರೂ ಏನಾಗುತ್ತೆ ಗೊತ್ತಾ? ಎಲ್ಲರನ್ನೂ ವಾಪಸ್ ಕರ್ಕೊಂಡು ಹೋಗಿ ಮೇಷ್ಟ್ರೇ, ಈಗಲೇ!"

ಮಕ್ಕಳು ಇದ್ದ ಜಾಗದಲ್ಲೇ ಕಲ್ಲಾದರು. ನೋಡದೆ ಹಿಂದಿರುಗಿದರೆ ಅವ್ವನಿಗೆ ಹೇಳಲು ಏನೂ ಇರುವುದಿಲ್ಲ ಎಂಬುದು ಆ ಹುಡುಗಿಗೂ ನನಗೂ ಒಟ್ಟಿಗೇ ಹೊಳೆಯಿತು. ಅವಳೇ ಮುಂದೆ ಬಂದಳು.

"ನಾನು ತಂದಿದ್ದು ಸಾರ್. ನಮ್ಮ ಕಡೆಯ ರೋಗ ನಿಮ್ಮನೆಗೆ ಬರಬಾರದು ಅಂತ ನಮ್ಮವ್ವ ಕೊಟ್ಟಳು."

"ರೋಗಾನಾ? ಯಾವ ರೋಗ?"

ಅವಳು ಹುಳು ಮನೆಯ ವಿಷಯವನ್ನೆಲ್ಲ ಹೇಳಿದಳು. ಗೋಣಿಚೀಲ, ಗರಿ, ನನ್ನ ನಶ್ಯ, ಯಾವುದನ್ನೂ ಬಿಡಲಿಲ್ಲ. ಅಧಿಕಾರಿ ಕೈಕಟ್ಟಿಕೊಂಡು ಕೇಳಿದರು. ಒಮ್ಮೆ ನನ್ನ ಮೂಗಿನ ಕಡೆ ನೋಡಿದರು. ಕೊನೆಗೆ ಅವರ ಭುಜ ಸಡಿಲವಾಯಿತು.

"ಕಾಲು ತೊಳ್ಕೊಂಡು ಬಂದು ಇದನ್ನ ಒರೆಸಿ. ಒದ್ದೆ ಬಟ್ಟೇಲಿ. ಆಮೇಲೆ ನಾನೇ ತೋರಿಸ್ತೀನಿ."

ಒರೆಸಿದೆವು. ಆಮೇಲೆ ಒಂದು ದಪ್ಪ ಗಾಜಿನ ಮುಂದೆ ನಿಲ್ಲಿಸಿದರು. ಆಚೆ ಬಿಳಿ ಟೋಪಿಯ ಹೆಣ್ಣುಮಕ್ಕಳು ಸಾಲಾಗಿ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು, ಕೂದಲಿಗಿಂತ ತೆಳುವಾದ ಚಿನ್ನದ ತಂತಿಯನ್ನು ಸಾಸಿವೆಗಿಂತ ಸಣ್ಣ ತುಂಡಿಗೆ ಕೂಡಿಸುತ್ತಿದ್ದರು. ಒಬ್ಬರೂ ತಲೆ ಎತ್ತಲಿಲ್ಲ. ಒಳಗೆ ಹೋಗುವ ಗಾಳಿಯನ್ನೂ ಸೋಸುತ್ತಾರೆಂದು ಅಧಿಕಾರಿ ಹೇಳಿದರು. ನನ್ನ ತರಗತಿ ತಾನಾಗಿ ಸುಮ್ಮನಿದ್ದುದನ್ನು ನಾನು ಕಂಡದ್ದು ಅಲ್ಲಿಯೇ. ನನ್ನ ಸರ್ವೀಸಿನಲ್ಲಿ ಅದು ಮತ್ತೆ ಆಗಲಿಲ್ಲ.

"ಮಾಡಿದ್ದರಲ್ಲಿ ಎಷ್ಟು ಕೈಗೆ ಹತ್ತುತ್ತೆ ಸಾರ್?" ಹುಡುಗಿ ಕೇಳಿದಳು.

"ಅದನ್ನ ಹೊರಗೆ ಹೇಳೋ ಹಾಗಿಲ್ಲಮ್ಮ" ಎಂದ ಅಧಿಕಾರಿ ಆಚೀಚೆ ನೋಡಿ ದನಿ ಇಳಿಸಿದರು. "ಒಂದೊಂದು ಸಲ ತಟ್ಟೆಗೆ ತಟ್ಟೆಯೇ ಹೋಗಿಬಿಡುತ್ತೆ. ಯಾಕೆ ಅಂತಲೇ ಗೊತ್ತಾಗಲ್ಲ."

"ನಮ್ಮಲ್ಲೂ ಹಂಗೇ ಸಾರ್" ಎಂದಳು, ಸಾವಿನ ಮನೆಗೆ ಮಾತಾಡಿಸಲು ಬಂದ ಹಿರಿಯಳ ದನಿಯಲ್ಲಿ.

ಹಿಂದಿರುಗುವಾಗ ಕೋಲಾರ ದಾಟಿದ ಮೇಲೆ ಅವಳು ನನ್ನ ಸೀಟಿನ ಪಕ್ಕಕ್ಕೆ ಬಂದಳು. ಆಮೇಲೆ ಮೆಲ್ಲಗೆ, "ಅವ್ವನ ಸುಣ್ಣಾನೇ ಬೇಡ ಅಂದ್ರು ಅಂತ ಹೆಂಗೆ ಹೇಳ್ಲಿ ಸಾರ್? ಸುಣ್ಣ ಇಲ್ಲದ ಮನೆ ಎಂಥ ಮನೆ ಅಂತಾಳೆ" ಎಂದಳು.

"ಅದೊಂದನ್ನ ಬಿಟ್ಟು ಮಿಕ್ಕಿದ್ದು ಹೇಳು."

"ಅವಳು ಮೊದಲು ಕೇಳೋದೇ ಅದನ್ನ."

ಹಾಗೇ ಆಯಿತು. ಅವ್ವ ಜಗಲಿಯಲ್ಲಿ ಚಾಕಿಗೆ ಸೊಪ್ಪು ಹೆಚ್ಚುತ್ತಿದ್ದರು. ಉಂಡ್ಯಾ ಎಂದೂ ಕೇಳದೆ, "ಏನು ತುಳಿದ್ರಿ?" ಎಂದರು.

"ಏನೂ ಇಲ್ಲ ಅವ್ವ. ಸುಣ್ಣ ಬೇಡ ಅಂದ್ರು. ಅವರಿಗೆ ಸುಣ್ಣವೇ ಧೂಳಂತೆ."

ಕತ್ತಿ ನಿಂತಿತು. ನನ್ನ ಕೈ ನಶ್ಯದ ಡಬ್ಬಿಯವರೆಗೆ ಹೋಗಿ, ಸ್ಥಳ ನೆನಪಾಗಿ ಹಿಂದೆ ಬಂತು.

"ಸುಣ್ಣವೇ ಧೂಳಾ?"

"ಹೂಂ. ಕಣ್ಣಿಗೆ ಕಾಣದಷ್ಟೂ ಇರಬಾರದಂತೆ. ಗಾಳೀನೂ ಸೋಸಿ ಬಿಡ್ತಾರೆ ಅವ್ವ."

"ಗಾಳೀನಾ! ಅಟ್ಲಾ?" ಮುದುಕಮ್ಮ ತಮ್ಮ ಹುಳು ಮನೆಯ ಬಾಗಿಲನ್ನು, ಹೊಸ್ತಿಲಿನ ಬಿಳಿ ಗೋಣಿಚೀಲವನ್ನು ಬಹಳ ಹೊತ್ತು ನೋಡಿದರು. ಆಮೇಲೆ ಚುನಾವಣೆಯಲ್ಲಿ ಸೋತು ಎದುರಾಳಿಗೆ ಹಾರ ಹಾಕುವವರಂತೆ ಹೇಳಿದರು: "ಹಂಗಾದ್ರೆ ಅವರ ಮನೆ ನಮ್ಮನೆಗಿಂತ ಒಂದು ಕೈ ಮೇಲು. ಹೋಗ್ಲಿ ಬಿಡು. ಚಾಕಿ ನಾನೇ ನೋಡ್ಕೊಂತೀನಿ."

ಚಾಕಿ ಸರಿಸುವ ಗರಿಯನ್ನು ಮಾತ್ರ ಆ ಹೊತ್ತೇ ಅವಳಿಂದ ವಾಪಸ್ ಇಸಿದುಕೊಂಡರು.

ಪರೀಕ್ಷೆ ಮುಗಿದು, ಪಾಲಿಟೆಕ್ನಿಕ್ಕಿನಲ್ಲಿ ಸೀಟು ಸಿಕ್ಕಿ, ಹೊರಡುವ ದಿನ ಬಂತು. ಬೀಳ್ಕೊಡಲು ಹೋದೆ. ಟ್ರಂಕು ಜಗಲಿಯ ಮೇಲಿತ್ತು. ಹುಡುಗಿ ಹೊಸ ಲಂಗವನ್ನು ಮೊಣಕಾಲಿನವರೆಗೆ ಎತ್ತಿಕೊಂಡು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತಿದ್ದಳು. ಅವ್ವ ಕೆಳಗೆ ಕುಕ್ಕರಗಾಲಲ್ಲಿ ಕೂತು, ತೆಂಗಿನ ನಾರು ಹಿಡಿದು, ಅವಳ ಹಿಮ್ಮಡಿಯ ಬಿರುಕುಗಳಲ್ಲಿ ವರ್ಷಗಳಿಂದ ಕೂತಿದ್ದ ಸುಣ್ಣವನ್ನು ಉಜ್ಜಿ ತೆಗೆಯುತ್ತಿದ್ದರು.

"ಈಗ ಹೋಗ್ತಿರೋದು ಓದೋಕಮ್ಮ. ಕಾರ್ಖಾನೆ ಬಾಗಿಲಿಗೆ ಇನ್ನೂ ವರ್ಷಗಳಿವೆ" ಎಂದೆ.

"ಇರ್ಲಿ ಮೇಷ್ಟ್ರೇ. ನಮ್ಮಿಂದ ಅವರ ಬೆಳೆ ಕೆಡಬಾರದು."

"ಬಸ್ಸು ಬಂತು ಅವ್ವ!"

"ನಿಲ್ಲುತ್ತೆ. ಇನ್ನೊಂದು ಕಾಲು ಕೊಡೇ."