ಮಾರ್ಕೋನಹಳ್ಳಿ ಗೇಟಿನ ಲೆಕ್ಕ

ಬಾಯಿ ಬಿಟ್ಟರೆ ಬಣ್ಣಗೇಡು ಅನ್ನುತ್ತಾರಲ್ಲ, ನಾನು ಬಾಯಿ ಬಿಟ್ಟದ್ದು ಕ್ಲಾಸಿನ ವಾಟ್ಸಾಪ್ ಗ್ರೂಪಿನಲ್ಲಿ. ತುಮಕೂರಿನ ನಮ್ಮ ಇಂಜಿನಿಯರಿಂಗ್ ಕಾಲೇಜಿನಲ್ಲಿ ಇಂಟರ್ನಲ್ಸ್ ಪರೀಕ್ಷೆ ಬರೆದು ಹೊರಬಂದವಳೇ, 'ನಿನ್ನೆ ಚಾಟ್‌ಬಾಟ್ ಕೊಟ್ಟಿದ್ ಲೆಕ್ಕಾನೇ ಬಂದಿತ್ತು ಕಣ್ರೇ' ಎಂದು ಆ ಲೆಕ್ಕದಷ್ಟರ ಸ್ಕ್ರೀನ್‌ಶಾಟ್ ಹಾಕಿದೆ. ಮಾರ್ಕೋನಹಳ್ಳಿ ಅಣೆಕಟ್ಟಿನ ಗೇಟಿನ ಮೇಲೆ ನೀರಿನ ಒತ್ತಡ ಎಷ್ಟು ಎಂಬ ಲೆಕ್ಕ. ನಮ್ಮದು ಕುಣಿಗಲ್ ಕಡೆ, ಅದಕ್ಕೇ ಅಭ್ಯಾಸಕ್ಕೆ ಆ ಅಣೆಕಟ್ಟಿನ ಮೇಲೇ ಒಂದು ಲೆಕ್ಕ ಕೊಡು ಎಂದು ಕೇಳಿದ್ದೆ. ಪತ್ರಿಕೆಯಲ್ಲಿ ಅಂಕಿಗಳೂ ಅವೇ ಇದ್ದವು.

ಸ್ಕ್ರೀನ್‌ಶಾಟ್ ನಮ್ಮ ವಿಭಾಗದ ಮುಖ್ಯಸ್ಥರಾದ ಎಚ್‌ಒಡಿವರೆಗೂ ಹೋಗಿ, ಮರುದಿನ ಬೆಳಿಗ್ಗೆ ಅವರು ರೂಮಿಗೆ ಕರೆಸಿದರು. ಪ್ರಶ್ನೆಪತ್ರಿಕೆ ಕದ್ದಿದ್ದೇನಂತೆ! ಸಾಬೀತಾದರೆ ಆ ವರ್ಷ ಪರೀಕ್ಷೆಗೆ ಕೂರುವಂತಿಲ್ಲ. ಅಪ್ಪನನ್ನೂ ಬರಹೇಳಿದ್ದರು. ಡೇರಿಗೆ ಹಾಲು ಹಾಕಿದವರು ಅದೇ ಬಟ್ಟೆಯಲ್ಲಿ ಬಸ್ಸು ಹತ್ತಿ ಬಂದಿದ್ದರು.

"ಏನವ್ವಾ, ಕದ್ದಿದ್ದೀಯಾ? ನಂಗಾದ್ರೂ ನಿಜ ಹೇಳು."

"ಇಲ್ಲ ಕಣಪ್ಪ."

"ಹಂಗಾದ್ರೆ ತಲೆ ಎತ್ಕಂಡ್ ನಡಿ."

ಒಳಗೆ ಎಚ್‌ಒಡಿ ಜೊತೆಗೆ ಪ್ರಶ್ನೆಪತ್ರಿಕೆ ತಯಾರಿಸಿದ ಮೇಷ್ಟ್ರೂ ಇದ್ದರು. ಗುಬ್ಬಿಯಿಂದ ದಿನಾ ಬಂದುಹೋಗುವವರು, ಪಾಠ ಚೆನ್ನಾಗಿ ಮಾಡುತ್ತಿದ್ದರು. ಕಿಟಕಿ ಕಡೆ ತಿರುಗಿ ನಿಂತಿದ್ದರು.

"ಇದು ನಮ್ಮ ಮೇಷ್ಟ್ರು ಸ್ವತಃ ಕೂತು ಮಾಡಿದ ಲೆಕ್ಕ. ಚಾಟ್‌ಬಾಟ್‌ಗೆ ಹೆಂಗಮ್ಮ ಗೊತ್ತಾಗುತ್ತೆ?" ಎಂದರು ಎಚ್‌ಒಡಿ.

ಸ್ಕ್ರೀನ್‌ಶಾಟಿನಲ್ಲಿ ಇದ್ದದ್ದು ಲೆಕ್ಕ ಮಾತ್ರ; ಲಾಗಿನ್ ಆಗದೆ ಕೇಳಿದ್ದರಿಂದ ಫೋನಿನಲ್ಲಿ ಪೂರ್ತಿ ಚಾಟ್ ಉಳಿದಿರಲಿಲ್ಲ. "ನಿಮ್ ಕಂಪ್ಯೂಟರಲ್ಲೇ ಕೇಳಿ ಸರ್," ಅಂದೆ. ನಾನು ಹೇಳಿದಂತೆ ಅವರು ಟೈಪ್ ಮಾಡಿದರು. ಲೆಕ್ಕ ಬಂತು, ಆದರೆ ಗೇಟು ಬೇರೆ, ಅಂಕಿ ಬೇರೆ. ಇನ್ನೊಮ್ಮೆ ಕೇಳಿದರು. ಮತ್ತೆ ಬೇರೆ. ಅಪ್ಪನ ಕಡೆ ನೋಡಲಾಗಲಿಲ್ಲ.

"ಇನ್ನೇನಮ್ಮ ಹೇಳ್ತೀಯ?" ಎಂದು ಎಚ್‌ಒಡಿ ಪೆನ್ನು ತೆಗೆದರು.

ಕಿಟಕಿಯ ಕಡೆಯಿಂದ ಸಣ್ಣ ದನಿ ಬಂತು. "ಸರ್... ಹತ್ತು ಮಾರ್ಕ್ಸಿಗೆ, ಉತ್ತರ ರೌಂಡ್ ಫಿಗರ್ ಬರೋ ಹಂಗೆ ಕೊಡು ಅಂತ ಸೇರಿಸಿ."

ಹೌದು, ನಾನೂ ಹಾಗೇ ಕೇಳಿದ್ದೆ. ಗಾಬರಿಯಲ್ಲಿ ಅದನ್ನೇ ಹೇಳಿರಲಿಲ್ಲ.

ಎಚ್‌ಒಡಿ ಮೇಷ್ಟ್ರನ್ನೇ ಒಂದು ಕ್ಷಣ ನೋಡಿ, ಟೈಪ್ ಮಾಡಿದರು. ಅದೇ ಗೇಟು, ಅದೇ ಆಳ, ಅದೇ ಅಗಲ. ಎಚ್‌ಒಡಿ ಪೆನ್ನಿಗೆ ಕ್ಯಾಪ್ ಹಾಕಿ, "ನೀನು ಕ್ಲಾಸಿಗೆ ಹೋಗಮ್ಮ. ಮೇಷ್ಟ್ರೇ, ನೀವಿರಿ," ಎಂದರು.

ಅಪ್ಪನಿಗೆ ಅಷ್ಟೂ ತಿಳಿಯದಿದ್ದರೂ ಮಗಳನ್ನು ಉಳಿಸಿದವರು ಯಾರೆಂಬುದು ತಿಳಿದಿತ್ತು. "ದೊಡ್ಡ ಉಪಕಾರ ಆಯ್ತು ಸ್ವಾಮಿ," ಎಂದು ಮೇಷ್ಟ್ರಿಗೆ ಕೈ ಮುಗಿದರು. ನನಗೂ ಮುಗಿಯುವಂತೆ ಕಣ್ಣಲ್ಲೇ ಹೇಳಿದರು.

ನಾನು ಕೈ ಮುಗಿಯಲಿಲ್ಲ. ಆ ಲೆಕ್ಕವನ್ನು ತಾನೂ ಚಾಟ್‌ಬಾಟ್‌ನಿಂದಲೇ ತೆಗೆದಿದ್ದ ಆ ಮನುಷ್ಯನಿಗೆ, ನಾನು ಕದ್ದಿಲ್ಲವೆಂದು ಬೆಳಿಗ್ಗೆಯಿಂದಲೂ ಗೊತ್ತಿತ್ತು.